ಕಟಾವಿನ ಚೀಟಿಯೂ ಎರಡು ಯಂತ್ರಗಳ ಮಾತುಕತೆಯೂ

ಕಬ್ಬನ್ನು ಕಡಿದೊಡನೆ ಅದರೊಳಗಿನ ರಾಸಾಯನಿಕ ವ್ಯಾಪಾರಗಳೆಲ್ಲ ನಿಂತುಹೋಗುವುವೆಂದು ಅನೇಕರು ಭಾವಿಸುತ್ತಾರೆ. ವಾಸ್ತವವಾಗಿ ಹಾಗಲ್ಲ. ಕಡಿದ ಜಲ್ಲೆಯಲ್ಲಿ ಇನ್ವರ್ಟೇಸ್ ಎಂಬ ಕಿಣ್ವವು ತನ್ನ ಕೆಲಸವನ್ನು ಮುಂದುವರಿಸುತ್ತಲೇ ಇರುವುದು. ನಾವು ತಿನ್ನುವ ಸಕ್ಕರೆಯಾದ ಸುಕ್ರೋಸನ್ನು ಅದು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಎಂಬ ಸರಳ ಸಕ್ಕರೆಗಳಾಗಿ ಒಡೆಯುವುದು. ಇವು ಹರಳಾಗಿ ಕೈಗೆ ಬರದೆ ಕಾಕಂಬಿಯ ಪಾಲಾಗುತ್ತವೆ. ಇದರ ಜೊತೆಗೆ ಜಲ್ಲೆಯ ನೀರು ಆರಿ ತೂಕವೂ ಇಳಿಯುವುದು. ರೈತನಿಗೆ ಹಣ ಸಿಗುವುದು ಕಾಟಾದ ಮೇಲಿನ ತೂಕಕ್ಕೆ. ಕಾರ್ಖಾನೆಗೆ ಲಾಭ ಬರುವುದು ಸಕ್ಕರೆಯ ಇಳುವರಿಯಿಂದ. ಆದುದರಿಂದ ಕಡಿದ ಕಬ್ಬು ಹೊಲದಲ್ಲಿಯೇ ಬಿದ್ದಿದ್ದರೆ ಇಬ್ಬರಿಗೂ ನಷ್ಟ. ಸಾಧ್ಯವಾದರೆ 24 ಗಂಟೆಗಳೊಳಗೆ ಅದನ್ನು ಅರೆಯಬೇಕೆಂಬ ನಿಯಮ ಹುಟ್ಟಿದ್ದು ಈ ಕಾರಣದಿಂದ.

ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ವಿದ್ಯಾರ್ಥಿಗಳಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಹಿಡಕಲ್ಲಿನ ಜಲಾಶಯ, ಧೂಪದಾಳದ ಒಡ್ಡು, ಅಲ್ಲಿಂದ ಹೊರಡುವ ಘಟಪ್ರಭಾ ಕಾಲುವೆ, ಸಂಕೇಶ್ವರದ ಬದಿಯಲ್ಲಿ ಹರಿಯುವ ಹಿರಣ್ಯಕೇಶಿ, ಇವುಗಳ ನೀರಿನಿಂದ ಬೆಳೆದ ಕಬ್ಬು ಹಂಗಾಮಿನ ತಿಂಗಳುಗಳಲ್ಲಿ ಟ್ರ್ಯಾಕ್ಟರುಗಳ ಸಾಲುಸಾಲಾಗಿ ಕಾರ್ಖಾನೆಗಳತ್ತ ಸಾಗುವುದನ್ನು ಅವರು ದಿನವೂ ಕಾಣುತ್ತಾರೆ. ಯಾರ ಹೊಲವನ್ನು ಯಾವ ದಿನ ಕಡಿಯಬೇಕೆಂಬ ಅಪ್ಪಣೆ ಹಿಂದೆ ಕಾಗದದ ಚೀಟಿಯಾಗಿ ಬರುತ್ತಿತ್ತು. ಅದೇ ಮಾತನ್ನು ಈಗ ದೂರವಾಣಿಯ ಸಂದೇಶವೂ ಹೊತ್ತು ತರಬಲ್ಲದು. ಈ ಚಿಕ್ಕ ಸಂದೇಶದ ಹಿಂದೆ ಎರಡು ತಂತ್ರಾಂಶಗಳು ಪರಸ್ಪರ ಮಾತನಾಡಬೇಕಾಗುತ್ತದೆ. ಆ ಮಾತುಕತೆ ಹೇಗೆ ನಡೆಯುವುದೆಂಬುದನ್ನು ಇಲ್ಲಿ ನೋಡೋಣ.

ಮೊದಲನೆಯದು ಕೆಲಸದ ಪಟ್ಟಿಯನ್ನು ಇಡುವ ತಂತ್ರಾಂಶ. ಟ್ರೆಲ್ಲೊ, ಆಸನ ಮೊದಲಾದವು ಈ ಜಾತಿಯವು. ಒಂದೊಂದು ಕೆಲಸಕ್ಕೂ ಒಂದು ಹೆಸರು, ಒಂದು ತಾರೀಖು, ಅದು ಮುಗಿದಿದೆಯೇ ಇಲ್ಲವೇ ಎಂಬ ಗುರುತು, ಇಷ್ಟನ್ನು ಇದು ಕಾಪಾಡುವುದು. ಎರಡನೆಯದು ಅನೇಕ ಜನರಿಗೆ ಏಕಕಾಲದಲ್ಲಿ ಇ-ಅಂಚೆಯನ್ನು ಕಳುಹಿಸುವ ತಂತ್ರಾಂಶ. ಮೇಲ್‌ಚಿಂಪ್ ಎಂಬುದು ಇದಕ್ಕೆ ಪ್ರಸಿದ್ಧವಾದ ಉದಾಹರಣೆ. ಇಂಥ ಕೆಲವು ತಂತ್ರಾಂಶಗಳು ಇ-ಅಂಚೆಯಂತೆಯೇ ಎಸ್ಸೆಮ್ಮೆಸ್ಸನ್ನೂ ಕಳುಹಿಸಬಲ್ಲವು. ವ್ಯಾಪಾರಿಗಳು ತಮ್ಮ ಸರಕಿನ ಪ್ರಚಾರಕ್ಕಾಗಿ ಇವನ್ನು ಬಳಸುವರು. ಕಬ್ಬಿನ ಚೀಟಿಗೂ ಅದೇ ಯಂತ್ರ ಸಾಕು.

ಒಂದು ಕಲ್ಪಿತ ಕಬ್ಬಿನ ಕಚೇರಿಯನ್ನು ಊಹಿಸಿಕೊಳ್ಳಿರಿ. ಗುಮಾಸ್ತನು ಪಟ್ಟಿಯಲ್ಲಿ ಒಂದು ಹೊಲದ ಮುಂದೆ "ಕಟಾವಿಗೆ ಸಿದ್ಧ" ಎಂದು ಗುರುತು ಹಾಕುತ್ತಾನೆ. ಅನಂತರ ಎರಡನೆಯ ತಂತ್ರಾಂಶವನ್ನು ತೆರೆದು ಅದೇ ಹೆಸರು, ಅದೇ ತಾರೀಖುಗಳನ್ನು ಮತ್ತೆ ಬರೆದು ಕಳುಹಿಸುತ್ತಾನೆ. ದಿನಕ್ಕೆ 40 ಸಲ ಈ ನಕಲು ನಡೆದರೆ ಎಲ್ಲಿಯೋ ಒಂದು ಕಡೆ ಅಂಕಿ ತಪ್ಪುವುದು ಸಹಜ. ಈ ನಕಲು ಮಾಡುವ ಕೆಲಸವನ್ನು ಯಂತ್ರಕ್ಕೆ ಒಪ್ಪಿಸುವುದೇ ಸ್ವಯಂಚಾಲನೆ.

ಭೌತಶಾಸ್ತ್ರದ ವಿದ್ಯಾರ್ಥಿಗಳು ರಿಲೇ ಎಂಬ ಉಪಕರಣವನ್ನು ಬಲ್ಲರು. ಜೋಸೆಫ್ ಹೆನ್ರಿಯು 1835ರಲ್ಲಿ ಇದನ್ನು ರೂಪಿಸಿದನು. ದುರ್ಬಲವಾದ ವಿದ್ಯುತ್ಪ್ರವಾಹವೊಂದು ವಿದ್ಯುತ್ಕಾಂತವನ್ನು ಚೇತನಗೊಳಿಸುವುದು. ಅದು ಒಂದು ಸ್ವಿಚ್ಚನ್ನು ಮುಚ್ಚುವುದು. ಆಗ ಬೇರೊಂದು ಮಂಡಲದಲ್ಲಿ ಪ್ರಬಲವಾದ ಪ್ರವಾಹ ಹರಿಯುವುದು. ನಮ್ಮ ದೇಶದಲ್ಲಿ 2013ರಲ್ಲಿ ನಿಂತುಹೋದ ತಂತಿ ಅಂಚೆಯೂ ಹಿಂದೆ ಈ ತತ್ತ್ವದ ಬಲದಿಂದಲೇ ದೂರದೂರಕ್ಕೆ ಸಾಗುತ್ತಿತ್ತು. ಎರಡು ತಂತ್ರಾಂಶಗಳ ನಡುವಿನ ಮಧ್ಯಸ್ಥನೂ ಇಂಥ ರಿಲೇಯೇ ಸರಿ. ಜೇಪಿಯರ್ ಎಂಬುದು ಈ ಮಧ್ಯಸ್ಥಿಕೆಯನ್ನೇ ಕಸುಬಾಗಿ ಮಾಡಿಕೊಂಡ ಸೇವೆ. ಪಟ್ಟಿಯಲ್ಲಿ ಗುರುತು ಬದಲಾಗುವುದು ಪ್ರಚೋದಕ. ಸಂದೇಶ ಹೊರಡುವುದು ಕ್ರಿಯೆ. ಪ್ರಚೋದಕವು ಸಂದೇಶವನ್ನು ತಾನೇ ಕಳುಹಿಸುವುದಿಲ್ಲ, ಕಳುಹಿಸುವ ಮಂಡಲವನ್ನು ಮುಚ್ಚುತ್ತದೆ, ಅಷ್ಟೆ.

ಗುರುತು ಬದಲಾದುದು ಮಧ್ಯಸ್ಥನಿಗೆ ತಿಳಿಯುವ ಬಗೆ ಎರಡು. ಅಂಚೆ ಕಚೇರಿಗೆ ದಿನವೂ ಹೋಗಿ "ನನಗೇನಾದರೂ ಕಾಗದ ಬಂದಿದೆಯೇ?" ಎಂದು ಕೇಳುವಂತೆ, ಅವನು ಗೊತ್ತಾದ ಹೊತ್ತಿಗೊಮ್ಮೆ ಪಟ್ಟಿಯನ್ನು ವಿಚಾರಿಸಬಹುದು. 15 ನಿಮಿಷಕ್ಕೊಮ್ಮೆ ಕೇಳಿದರೆ ದಿನಕ್ಕೆ 96 ವಿಚಾರಣೆಗಳಾದುವು. ಕಚೇರಿ ಬೆಳಿಗ್ಗೆ 8ರಿಂದ ಸಂಜೆ 6ರವರೆಗೆ ಮಾತ್ರ ತೆರೆದಿರುವುದಾದರೆ ಅವುಗಳಲ್ಲಿ 56 ಖಂಡಿತವಾಗಿ ವ್ಯರ್ಥ. ಉಳಿದವುಗಳಲ್ಲಿಯೂ ಒಂದು ಗುರುತು ಸರಾಸರಿ ಏಳೂವರೆ ನಿಮಿಷ ಕಾಯಬೇಕಾಗುವುದು. ಎರಡನೆಯ ಬಗೆಯಲ್ಲಿ ಅಂಚೆಯವನೇ ಮನೆಗೆ ಬರುವನು: ಗುರುತು ಬದಲಾದ ಕ್ಷಣವೇ ಪಟ್ಟಿಯು ಮಧ್ಯಸ್ಥನ ವಿಳಾಸಕ್ಕೆ ಸುದ್ದಿ ಮುಟ್ಟಿಸುವುದು. ಇದಕ್ಕೆ ವೆಬ್‌ಹುಕ್ ಎಂದು ಹೆಸರು. ಕಬ್ಬಿನ ವಿಷಯದಲ್ಲಿ ಕಾಲು ಗಂಟೆಯ ವಿಳಂಬದಿಂದ ಏನೂ ಕೆಡದು. ಹಿಡಕಲ್ಲಿನಿಂದ ನೀರು ಬಿಡುವ ಎಚ್ಚರಿಕೆಯಾದರೆ ಮಾತು ಬೇರೆ. 2019ರ ಆಗಸ್ಟಿನ ಪ್ರವಾಹದಲ್ಲಿ ಘಟಪ್ರಭೆಯ ನೀರು ಗೋಕಾಕ ಊರಿನೊಳಗೆ ನುಗ್ಗಿದುದನ್ನು ಕಂಡವರು ಇದನ್ನು ಒಪ್ಪುವರು.

ಇಷ್ಟೆಲ್ಲ ಸುಲಭ. ನಿಜವಾದ ತೊಡಕು ಇರುವುದು ತಾರೀಖಿನಲ್ಲಿ, ಮತ್ತು ಇದನ್ನು ಕುರಿತು ಸ್ವಲ್ಪ ನಿಧಾನವಾಗಿ ಯೋಚಿಸುವುದು ಲೇಸು. ಪಟ್ಟಿಯಲ್ಲಿ 3-12 ಎಂದು ಬರೆದಿದೆಯೆನ್ನಿ. ನಮಗೆ ಅದು ಡಿಸೆಂಬರ್ 3. ಅಮೆರಿಕದ ವಾಡಿಕೆಯಂತೆ ಕಟ್ಟಿದ ತಂತ್ರಾಂಶಕ್ಕೆ ಅದು ಮಾರ್ಚ್ 12. ಈ ತಪ್ಪು ದೊಡ್ಡದು, ಆದುದರಿಂದಲೇ ಬೇಗ ಕಣ್ಣಿಗೆ ಬೀಳುವುದು. ಕಣ್ಣಿಗೆ ಬೀಳದ ತಪ್ಪು ಇನ್ನೊಂದಿದೆ. ಗಣಕಗಳು ಸಾಮಾನ್ಯವಾಗಿ ಕಾಲವನ್ನು ಜಾಗತಿಕ ಪ್ರಮಾಣ ಕಾಲದಲ್ಲಿ ಬರೆದಿಡುತ್ತವೆ. ನಮ್ಮ ಪ್ರಮಾಣ ಕಾಲವು 82½ ಡಿಗ್ರಿ ಪೂರ್ವ ರೇಖಾಂಶದ್ದು. 15 ಡಿಗ್ರಿಗೆ ಒಂದು ಗಂಟೆಯಂತೆ ಅದು ಐದೂವರೆ ಗಂಟೆ ಮುಂದಿದೆ. ಗುಮಾಸ್ತನು ಬರಿಯ "ಡಿಸೆಂಬರ್ 3" ಎಂದು ಬರೆದರೆ, ಯಂತ್ರವು ಅದನ್ನು ಆ ದಿನದ ಆರಂಭವೆಂದು, ಅಂದರೆ ನಡುರಾತ್ರಿ 12 ಗಂಟೆಯೆಂದು ತಿಳಿಯಬಹುದು. ಜಾಗತಿಕ ಕಾಲದಲ್ಲಿ ಅದು ಡಿಸೆಂಬರ್ 2ರ ಸಂಜೆ ಆರೂವರೆ. ಓಲೆ ಕಳುಹಿಸುವ ತಂತ್ರಾಂಶವು ಅದನ್ನು ಹಾಗೆಯೇ ಓದಿ ಗ್ಯಾಂಗಿನ ಮುಖಂಡನಿಗೆ "ಡಿಸೆಂಬರ್ 2" ಎಂದು ಬರೆಯುವುದು. ಪಟ್ಟಿಯನ್ನೇ ನೋಡಿಕೊಂಡ ಟ್ರ್ಯಾಕ್ಟರ್ ಚಾಲಕನು 3ರಂದು ಬರುವನು. ಯಂತ್ರಗಳೆರಡೂ ತಮ್ಮ ಪಾಲಿಗೆ ಸರಿಯಾಗಿಯೇ ಲೆಕ್ಕ ಹಾಕಿವೆ. ಕಬ್ಬು ಮಾತ್ರ ಒಂದು ಹಗಲು ಬಿಸಿಲಿನಲ್ಲಿ ಬಿದ್ದಿರುವುದು. ಈ ಬಗೆಯ ಏರ್ಪಾಟನ್ನು ಪರೀಕ್ಷಿಸುವವರು ಮೊದಲು ನೋಡಬೇಕಾದುದು ಇದನ್ನೇ ಎಂದು ನನ್ನ ಅಭಿಪ್ರಾಯ.

ಹೆಸರುಗಳ ವಿಷಯವನ್ನು ಬೇಗ ಹೇಳಿ ಮುಗಿಸಬಹುದು. ಒಂದೇ ಊರಿನಲ್ಲಿ ಒಂದೇ ಹೆಸರಿನ ನಾಲ್ವರು ಇರುವುದು ನಮ್ಮ ಕಡೆ ಅಪರೂಪವಲ್ಲ. ಎರಡು ತಂತ್ರಾಂಶಗಳೂ ಹೊಲವನ್ನು ಸರ್ವೆ ನಂಬರಿನಂಥ ಒಂದು ಸಂಖ್ಯೆಯಿಂದಲೇ ಗುರುತಿಸಬೇಕು, ಹೆಸರಿನಿಂದಲ್ಲ.

ಇನ್ನು ಜಾಲ ಕಡಿದುಹೋದರೆ ಏನಾಗುವುದು? ಮಧ್ಯಸ್ಥನು ಸಂದೇಶವನ್ನು ಒಪ್ಪಿಸಿದನು. ಅದು ಹೊರಟೂ ಹೋಯಿತು. ಆದರೆ "ತಲುಪಿತು" ಎಂಬ ಮರುಮಾತು ದಾರಿಯಲ್ಲಿ ಕಳೆದುಹೋಯಿತು. ಮಧ್ಯಸ್ಥನಿಗೆ ಇದು ತಿಳಿಯದು. ಅವನು ಮತ್ತೆ ಕಳುಹಿಸುವನು, ಮತ್ತೂ ಕಳುಹಿಸುವನು. ಇದಕ್ಕೆ ಪರಿಹಾರ ಸರಳವಾದುದು: ಒಂದೊಂದು ಅಪ್ಪಣೆಗೂ ಒಂದು ಕ್ರಮಸಂಖ್ಯೆ ಕೊಟ್ಟು, ಆ ಸಂಖ್ಯೆಯ ಅಪ್ಪಣೆ ಒಮ್ಮೆ ಹೊರಟಿದ್ದರೆ ಎರಡನೆಯದನ್ನು ನಿರಾಕರಿಸುವಂತೆ ಮಾಡುವುದು. ಮರುಪ್ರಯತ್ನಗಳ ನಡುವಿನ ಅಂತರವನ್ನು 1, 2, 4, 8 ನಿಮಿಷಗಳಂತೆ ಇಮ್ಮಡಿಗೊಳಿಸುತ್ತ ಹೋಗುವುದೂ ರೂಢಿಯಲ್ಲಿದೆ. ಇಲ್ಲದಿದ್ದರೆ ಈಗಾಗಲೇ ಬಳಲಿದ ಯಂತ್ರದ ಮೇಲೆ ಎಲ್ಲರೂ ಒಮ್ಮೆಲೇ ಬೀಳುವರು.

ಪ್ರಯೋಗಶಾಲೆಯ ವಿದ್ಯುತ್ ಗಂಟೆಯನ್ನು ನೆನಪಿಗೆ ತಂದುಕೊಳ್ಳಿರಿ. ಅಲ್ಲಿ ಆರ್ಮೇಚರ್ ಎಳೆಯಲ್ಪಟ್ಟೊಡನೆ ಮಂಡಲ ಕಡಿಯುವುದು. ಕಡಿದೊಡನೆ ಅದು ಹಿಂದಕ್ಕೆ ಬಂದು ಮಂಡಲವನ್ನು ಮುಚ್ಚುವುದು. ಆದುದರಿಂದ ಗಂಟೆ ಎಡೆಬಿಡದೆ ಬಾರಿಸುವುದು. ನಮ್ಮ ಏರ್ಪಾಟಿನಲ್ಲಿಯೂ ಇದು ನಡೆದೀತು. ಸಂದೇಶ ಹೋದುದನ್ನು ಪಟ್ಟಿಯಲ್ಲಿ ಬರೆದಿಡುವಂತೆ ಮಾಡಿದೆವೆನ್ನಿ. ಪಟ್ಟಿಯಲ್ಲಿ ಏನು ಬದಲಾದರೂ ಸಂದೇಶ ಹೊರಡಬೇಕೆಂದು ಮೊದಲೇ ನಿಯಮ ಮಾಡಿದ್ದರೆ, ಆ ಬರಹವೇ ಹೊಸ ಪ್ರಚೋದಕವಾಗಿ ಇನ್ನೊಂದು ಸಂದೇಶವನ್ನು ಹುಟ್ಟಿಸುವುದು. ಗಂಟೆಗೆ ಬೇಕಾದ ಗುಣ ಇಲ್ಲಿ ಬೇಡವಾದುದು. "ಕಟಾವಿಗೆ ಸಿದ್ಧ" ಎಂಬ ಒಂದೇ ಗುರುತಿಗೆ ಪ್ರಚೋದಕವನ್ನು ಸೀಮಿತಗೊಳಿಸಿದರೆ ಸುತ್ತು ಮುರಿಯುವುದು.

ಕನ್ನಡದಲ್ಲಿ ಬರೆಯುವವರಿಗೆ ವಿಶೇಷವಾದ ಒಂದು ಲೆಕ್ಕವಿದೆ. ಒಂದು ಎಸ್ಸೆಮ್ಮೆಸ್ಸಿನ ಒಡಲು 140 ಬೈಟು, ಅಂದರೆ 1120 ಬಿಟ್ಟುಗಳು. ಇಂಗ್ಲಿಷಿನ ಅಕ್ಷರಕ್ಕೆ 7 ಬಿಟ್ಟು ಸಾಕಾಗುವುದರಿಂದ 160 ಅಕ್ಷರಗಳು ಹಿಡಿಯುತ್ತವೆ. ಕನ್ನಡದ ಒಂದೊಂದು ಚಿಹ್ನೆಗೂ 16 ಬಿಟ್ಟು ಬೇಕು. ಆದುದರಿಂದ 70 ಮಾತ್ರ. ಅದೂ ಅಕ್ಷರಗಳಲ್ಲ, ಚಿಹ್ನೆಗಳು: ವ್ಯಂಜನ, ಸ್ವರಚಿಹ್ನೆ, ಒತ್ತಕ್ಷರ ಮಾಡುವ ವಿರಾಮ, ಎಲ್ಲವೂ ಬೇರೆಬೇರೆ. "ಗೋಕಾಕ" ಎಂಬ ಮೂರಕ್ಷರಕ್ಕೆ 5, "ಮೂಡಲಗಿ" ಎಂಬ ನಾಲ್ಕಕ್ಷರಕ್ಕೆ 6, "ಹುಕ್ಕೇರಿ" ಎಂಬ ಮೂರಕ್ಷರಕ್ಕೆ 8! 70ನ್ನು ಮೀರಿದರೆ ಸಂದೇಶ ತುಂಡಾಗುವುದು. ತುಂಡುಗಳನ್ನು ಜೋಡಿಸುವ ಗುರುತಿಗೆ ಸ್ಥಳ ಬೇಕಾಗಿ ಒಂದೊಂದರಲ್ಲಿ 67 ಚಿಹ್ನೆಗಳೇ ಉಳಿಯುವುವು, ಮತ್ತು ಪ್ರತಿ ತುಂಡನ್ನೂ ಬೇರೊಂದು ಸಂದೇಶವೆಂದು ಎಣಿಸುವರು. ಇಷ್ಟಾದರೂ ರೈತನಿಗೆ ಅವನ ಭಾಷೆಯಲ್ಲಿಯೇ ಬರೆಯಬೇಕು. ಹಣ ಉಳಿಸಲು ಸರ್ವೆ ನಂಬರು, ತಾರೀಖು, ಗ್ಯಾಂಗಿನ ಸಂಖ್ಯೆ ಇಷ್ಟನ್ನೇ ಇಟ್ಟು, ನಮಸ್ಕಾರ ವಂದನೆಗಳನ್ನು ಬಿಟ್ಟರಾಯಿತು. ಇ-ಅಂಚೆಗೆ ಈ ಕಟ್ಟು ಇಲ್ಲ.

ಎಷ್ಟು ಪ್ರಯತ್ನಿಸಿದರೂ ಹೋಗದ ಸಂದೇಶಗಳು ಕೆಲವು ಉಳಿಯುವುವು: ದೂರವಾಣಿ ಸಂಖ್ಯೆ ಬದಲಾಗಿರಬಹುದು, ಬರೆಯುವಾಗ ಒಂದು ಅಂಕಿ ಬಿಟ್ಟಿರಬಹುದು. ಇವುಗಳನ್ನು ಮಧ್ಯಸ್ಥನು ಪ್ರತ್ಯೇಕವಾದ ಒಂದು ಪಟ್ಟಿಯಲ್ಲಿ ಕೂಡಿಡುವಂತೆ ಏರ್ಪಡಿಸಬೇಕು. ಬೆಳಿಗ್ಗೆ ಕಚೇರಿ ತೆರೆದೊಡನೆ ಗುಮಾಸ್ತನು ಆ ಪಟ್ಟಿಯನ್ನು ನೋಡಿ, ಅದರಲ್ಲಿರುವವರ ಹೊಲಗಳಿಗೆ ಹಿಂದಿನಂತೆ ಕಾಗದದ ಚೀಟಿಯನ್ನು ಕೊಟ್ಟು ಆಳನ್ನು ಕಳುಹಿಸುವನು.