ಕಾರಿಗೆ ಅಗಲವಾದ ಗಾಲಿ: ಕಣ್ಣಿನ ಆಸೆ, ಲೆಕ್ಕದ ಮಾತು

ಮನುಷ್ಯನಿಗೆ ಪಾದರಕ್ಷೆಯು ಹೇಗೋ ಮೋಟಾರಿಗೆ ಟಯರು ಹಾಗೆ. ಪಾದಕ್ಕಿಂತ ಎರಡಂಗುಲ ದೊಡ್ಡದಾದ ಜೋಡನ್ನು ಮೆಟ್ಟಿ ಓಡಲು ಹೊರಡುವವರು ಯಾರೂ ಇಲ್ಲ. ಆದರೂ ಹಳೆಯ ಕಾರೊಂದು ಕೈಗೆ ಬಂದೊಡನೆ ನಮ್ಮ ತರುಣರಿಗೆ ಮೊದಲು ಹೊಳೆಯುವ ಆಲೋಚನೆಯೆಂದರೆ, ಅದಕ್ಕೆ ಅಗಲವಾದ ಗಾಲಿಗಳನ್ನು ತೊಡಿಸಿ ಸ್ಪೋರ್ಟ್ಸ್ ಕಾರಿನ ಠೀವಿಯನ್ನು ತರಬೇಕೆಂಬುದು.

ಹೋಟೆಲಿನಲ್ಲಿ ದುಡಿಯುವವರಿಗೂ ಕಚೇರಿಯ ಗುಮಾಸ್ತರಿಗೂ ಸ್ಪೋರ್ಟ್ಸ್ ಕಾರಿನ ಗೊಡವೆಯೇಕೆಂದು ವಾಚಕರು ಕೇಳಬಹುದು. ನಮ್ಮವರಲ್ಲಿ ಧಣಿಗಳ ಕಾರನ್ನು ನಡೆಸುವವರಿದ್ದಾರೆ. ಗ್ಯಾರೇಜಿನಲ್ಲಿ ಕೆಲಸ ಕಲಿಯುತ್ತಿರುವ ತಮ್ಮಂದಿರಿದ್ದಾರೆ. ನಾಲ್ಕಾರು ಮಂದಿ ಕೂಡಿ ಹಣ ಹಾಕಿ ಹಳೆಯ ಕಾರನ್ನು ಕೊಳ್ಳುವವರೂ ಇದ್ದಾರೆ. ನಾಲ್ಕು ಗಾಲಿ, ನಾಲ್ಕು ಟಯರುಗಳಿಗೆ ತೆರುವ ಹಣವು ಊರಿನ ಮನೆಗೆ ಕಳುಹಿಸಬೇಕಾದ ಹಣ. ಅದಕ್ಕಿಂತ ಮಿಗಿಲಾದುದು ಕಾರಿನೊಳಗೆ ಕುಳಿತವರ ಪ್ರಾಣ. ಆದುದರಿಂದ ಈ ವಿಷಯವನ್ನು ಕೊಂಚ ವಿವರವಾಗಿ ಪರಿಶೀಲಿಸುವುದು ಯುಕ್ತವೆಂದು ನಾವು ಭಾವಿಸುತ್ತೇವೆ.

ಈ ನಗರಕ್ಕೂ ಮೋಟಾರು ಪಂದ್ಯಗಳಿಗೂ ಇರುವ ನಂಟು ಹಳೆಯದು. ಮದರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬು ಸ್ಥಾಪನೆಯಾದುದು 1953ರಲ್ಲಿ. ಯುದ್ಧಕಾಲದಲ್ಲಿ ವಿಮಾನಗಳಿಗಾಗಿ ಮಾಡಿದ್ದ ಶೋಳಾವರಂ ಮೈದಾನದಲ್ಲಿ ದಶಕಗಳ ಕಾಲ ಪಂದ್ಯಗಳು ನಡೆದವು; ಬಳಿಕ ಇರುಂಗಾಟ್ಟುಕೋಟ್ಟೈಯಲ್ಲಿ ಪ್ರತ್ಯೇಕ ಪಥವೇ ಸಿದ್ಧವಾಯಿತು. 2024ರ ಆಗಸ್ಟ್ 31 ಮತ್ತು ಸೆಪ್ಟೆಂಬರ್ 1ರಂದು ಐಲೆಂಡ್ ಮೈದಾನದ ಸುತ್ತಿನ 3.5 ಕಿಲೋಮೀಟರು ಬೀದಿಯಲ್ಲಿ, ರಾತ್ರಿಯ ದೀಪಗಳ ಬೆಳಕಿನಲ್ಲಿ ಫಾರ್ಮುಲಾ 4 ಕಾರುಗಳು ಓಡಿದವು. ಅಂಥ ಕಾರುಗಳ ಅಗಲವಾದ ಗಾಲಿಗಳನ್ನು ಕಂಡ ತರುಣರಿಗೆ ಅದೇ ಶಕ್ತಿಯ ಗುಟ್ಟೆಂದು ತೋರಿದರೆ ಆಶ್ಚರ್ಯವಿಲ್ಲ.

ನಮ್ಮ ವಿಚಾರಕ್ಕೆ ಉದಾಹರಣೆಯಾಗಿ ಈ ನಗರದಲ್ಲಿಯೇ ಹುಟ್ಟಿದ ಕಾರೊಂದನ್ನು ತೆಗೆದುಕೊಳ್ಳೋಣ. 1961ರಿಂದ ಸ್ಟಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಕಂಪೆನಿಯು ಮದರಾಸಿನಲ್ಲಿ ಸ್ಟಾಂಡರ್ಡ್ ಹೆರಾಲ್ಡ್ ಕಾರನ್ನು ತಯಾರಿಸಿತು. ಇಂಗ್ಲೆಂಡಿನ ಟ್ರಯಂಫ್ ಹೆರಾಲ್ಡೇ ಅದರ ಮೂಲ. ಅದೇ ಹೆರಾಲ್ಡಿನ ಚಾಸಿಯನ್ನು ಮೊಟಕುಗೊಳಿಸಿ ಇಂಗ್ಲೆಂಡಿನವರು 1962ರಲ್ಲಿ ಟ್ರಯಂಫ್ ಸ್ಪಿಟ್‌ಫೈರ್ ಎಂಬ ಎರಡು ಆಸನಗಳ ಸ್ಪೋರ್ಟ್ಸ್ ಕಾರನ್ನು ಹೊರತಂದರು. ಕೆಥೆಡ್ರಲ್ ರಸ್ತೆಯ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ಹೋಟೆಲು ಆರಂಭವಾದುದೂ ಅದೇ 1962ರಲ್ಲಿ. 2008ರಲ್ಲಿ ಅದು ಮುಚ್ಚುವವರೆಗೆ ಕಾರಿನ ಬಳಿಗೇ ದೋಸೆ ಕಾಫಿಗಳನ್ನು ಒಯ್ದು ಕೊಟ್ಟ ನಮ್ಮ ಹಿರಿಯರು, ಆ ಕಾಲದ ಫಿಯೆಟ್, ಅಂಬಾಸಡರ್‌ಗಳ ಜೊತೆಗೆ ಹೆರಾಲ್ಡನ್ನೂ ಬಲ್ಲವರು. ಹಳೆಯ ಕಾರುಗಳ ಅಭಿಮಾನಿಗಳು ಇಂದಿಗೂ ಅದನ್ನು ಜೋಪಾನ ಮಾಡುತ್ತಾರೆ.

ಹೆರಾಲ್ಡಿಗೆ ಕಂಪೆನಿಯವರು ಕೊಟ್ಟ ಟಯರು 5.20-13. ಅಂದರೆ ಟಯರಿನ ಅಗಲ 5.20 ಅಂಗುಲ, ರಿಮ್ಮಿನ ವ್ಯಾಸ 13 ಅಂಗುಲ. ರಿಮ್ಮಿನ ಅಗಲವಾದರೋ ಕೇವಲ ಮೂರೂವರೆ ಅಂಗುಲ. ಈಗಿನ ಟಯರಿನ ಮೇಲೆ 155/80 R13 ಎಂಬಂತೆ ಬರೆದಿರುತ್ತದೆ. ಇದರಲ್ಲಿ 155 ಎಂಬುದು ಮಿಲಿಮೀಟರಿನಲ್ಲಿ ಅಗಲ. 80 ಎಂಬುದು ಆ ಅಗಲದ ಶೇಕಡಾ 80ರಷ್ಟು ಪಕ್ಕದ ಎತ್ತರ. R ಎಂದರೆ ರೇಡಿಯಲ್. 13 ಎಂಬುದು ರಿಮ್ಮಿನ ವ್ಯಾಸ. ಇಷ್ಟನ್ನು ಓದಲು ಬಲ್ಲವನನ್ನು ಅಂಗಡಿಯವನು ಸುಲಭವಾಗಿ ಏಮಾರಿಸಲಾರ.

ಅಗಲವಾದ ಟಯರು ನೆಲವನ್ನು ಹೆಚ್ಚು ಹಿಡಿಯುತ್ತದೆಂಬುದು ಸಾಮಾನ್ಯ ನಂಬಿಕೆ. ಇದು ಪೂರ್ಣ ಸತ್ಯವೂ ಅಲ್ಲ, ಪೂರ್ಣ ಸುಳ್ಳೂ ಅಲ್ಲ. ಹೆರಾಲ್ಡಿನ ತೂಕ ಸುಮಾರು 800 ಕಿಲೋ. ಒಂದೊಂದು ಗಾಲಿಯ ಪಾಲಿಗೆ 200 ಕಿಲೋ. ಟಯರಿನಲ್ಲಿ 24 ಪೌಂಡು ಗಾಳಿಯಿದ್ದರೆ, ಚದರ ಸೆಂಟಿಮೀಟರಿಗೆ ಸುಮಾರು 1.7 ಕಿಲೋ ಒತ್ತಡವಾಯಿತು. ಭಾಗಿಸಿ ನೋಡಿದರೆ ಟಯರು ನೆಲವನ್ನು ಮುಟ್ಟುವ ಜಾಗ ಸುಮಾರು 120 ಚದರ ಸೆಂಟಿಮೀಟರು, ಎಂದರೆ ಒಂದು ಅಂಗೈಯಷ್ಟು! ಗಾಳಿಯ ಒತ್ತಡ ಅಷ್ಟೇ ಇರುವಾಗ ಟಯರು ಅಗಲವಾದರೂ ಈ ಜಾಗ ಹೆಚ್ಚಾಗಿ ಬದಲಾಗದು. ಅದರ ಆಕಾರ ಮಾತ್ರ ಬದಲಾಗುತ್ತದೆ. ಹತ್ತು ಸೆಂಟಿಮೀಟರು ಅಗಲ, ಹನ್ನೆರಡು ಉದ್ದ ಇದ್ದುದು ಹದಿಮೂರು ಅಗಲ, ಒಂಬತ್ತು ಉದ್ದವಾಗುತ್ತದೆ. ನಮ್ಮ ಭಟ್ಟರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಸೌಟು ಹಿಟ್ಟನ್ನು ಒಂದೇ ದಪ್ಪಕ್ಕೆ ಕಾವಲಿಯ ಮೇಲೆ ದುಂಡಗೆ ಹರಡಿದರೂ ಉದ್ದಕ್ಕೆ ಹರಡಿದರೂ ಹಿಟ್ಟು ಹೆಚ್ಚಾಗುವುದಿಲ್ಲವಷ್ಟೆ.

ಆಕಾರದ ಬದಲಾವಣೆಯಿಂದ ಲಾಭವಿಲ್ಲದಿಲ್ಲ. ಒಣಗಿದ ರಸ್ತೆಯಲ್ಲಿ ವೇಗವಾಗಿ ತಿರುಗುವಾಗ ಅಗಲವಾದ ಟಯರು ಗಟ್ಟಿಯಾಗಿ ನಿಲ್ಲುತ್ತದೆ. ಪಂದ್ಯದ ಕಾರಿಗೆ ಅದು ಬೇಕು. ಆದರೆ ಮಳೆಯಲ್ಲಿ ಅದೇ ಗುಣ ದೋಷವಾಗುತ್ತದೆ. ಟಯರು ಅಗಲವಾದಷ್ಟೂ ಮುಂದಿನ ನೀರನ್ನು ಹೆಚ್ಚು ಸರಿಸಬೇಕು. ಸರಿಸಲಾಗದಿದ್ದರೆ ಕಾರು ನೀರಿನ ಮೇಲೆ ತೇಲಿ ಜಾರುತ್ತದೆ. ಪಂದ್ಯದವರು ಮಳೆ ಬಂದೊಡನೆ ಗೀರುಗಳುಳ್ಳ ಬೇರೆ ಟಯರನ್ನು ಹಾಕಿಕೊಳ್ಳುತ್ತಾರೆ. ಐಪ್ಪಸಿ ಕಾರ್ತಿಕ ಮಾಸಗಳಲ್ಲಿ ಲಸ್ ವೃತ್ತದಿಂದ ಕಚೇರಿ ರಸ್ತೆಯ ಕಡೆಗೆ ಹೋಗುವ ನಮಗೆ ಆ ಸೌಕರ್ಯವಿಲ್ಲ.

ಇನ್ನು ಆಯ್ಕೆಯ ವಿಚಾರ. ಮೊದಲನೆಯದಾಗಿ, ಟಯರಿಗೂ ರಿಮ್ಮಿಗೂ ಹೊಂದಾಣಿಕೆ ಇರಬೇಕು. ಹೆರಾಲ್ಡಿನ ಮೂರೂವರೆ ಅಂಗುಲದ ಮೂಲ ರಿಮ್ಮನ್ನೇ ಉಳಿಸಿಕೊಳ್ಳುವವರು 145/80 R13 ಟಯರನ್ನು ಮೀರಕೂಡದು. 155/80 R13ಕ್ಕೆ ನಾಲ್ಕೂವರೆ ಅಂಗುಲದ ರಿಮ್ಮು ಸರಿಯಾದುದು. 175/70 R13 ಬೇಕೆಂದರೆ ಐದಂಗುಲದ ರಿಮ್ಮು ಬೇಕು. ಕಿರಿದಾದ ರಿಮ್ಮಿನ ಮೇಲೆ ಅಗಲವಾದ ಟಯರನ್ನು ಕೂರಿಸಿದರೆ, ತಿರುವಿನಲ್ಲಿ ಅದು ಸಡಿಲವಾದ ಪೇಟದಂತೆ ಪಕ್ಕಕ್ಕೆ ವಾಲುತ್ತದೆ.

ಎರಡನೆಯದಾಗಿ, ಒಟ್ಟು ಎತ್ತರವು ಮೂಲದ ಸಮೀಪದಲ್ಲಿರಬೇಕು. ಹೆರಾಲ್ಡಿನ ಹಳೆಯ ಟಯರಿನ ಎತ್ತರ ಸುಮಾರು 580 ಮಿಲಿಮೀಟರು. ಲೆಕ್ಕ ಹಾಕಿದರೆ 155/80 R13ದ್ದು 578, 175/70 R13ದ್ದು 575, 145/80 R13ದ್ದು 562 ಬರುತ್ತದೆ. ಎತ್ತರ ಬದಲಾದರೆ ವೇಗಮಾಪಕವು ತಪ್ಪು ಹೇಳುತ್ತದೆ. 145ನ್ನು ಹಾಕಿದವನ ಮಾಪಕ 60 ತೋರಿಸುವಾಗ ಕಾರು ಓಡುವುದು ಸುಮಾರು 58ರ ವೇಗದಲ್ಲಿ.

ಮೂರನೆಯದಾಗಿ, ಕಾರಿನ ಮೈಯಲ್ಲಿ ಜಾಗವಿರಬೇಕು. ಹೆರಾಲ್ಡಿನ ಮುಖ್ಯ ಗುಣವೆಂದರೆ ಅದು 25 ಅಡಿಗಳ ವೃತ್ತದಲ್ಲಿ ತಿರುಗಬಲ್ಲುದು. ಮಾಡಬೀದಿಗಳ ಪಕ್ಕದ ಇಕ್ಕಟ್ಟಾದ ಸಂದಿಗಳಲ್ಲಿ ಇದಕ್ಕಿಂತ ದೊಡ್ಡ ಉಪಕಾರ ಮತ್ತಾವುದಿದೆ? ಮುಂದಿನ ಗಾಲಿಗಳು ಅಷ್ಟು ಓರೆಯಾಗಿ ತಿರುಗುವುದರಿಂದ ಅಗಲವಾದ ಟಯರು ಒಳಗೆ ಉಜ್ಜುವ ಸಂಭವವುಂಟು. ಉಜ್ಜದಿರಲೆಂದು ಗಾಲಿಯನ್ನು ಹೊರಕ್ಕೆ ಸರಿಸಿದರೆ ಬೇರಿಂಗಿನ ಮೇಲೂ, ಮುಂಗಾಲಿಯ ಬುಡದಲ್ಲಿರುವ ಕಂಚಿನ ತಿರುಪು ಜೋಡಣೆಯ ಮೇಲೂ ಭಾರ ಹೆಚ್ಚುತ್ತದೆ. ಎಣ್ಣೆ ಕಾಣದೆ ಸವೆದ ಆ ಜೋಡಣೆ ಮುರಿದರೆ ಗಾಲಿಯೇ ಮಡಿಚಿಕೊಳ್ಳುತ್ತದೆ.

ಇವೆಲ್ಲವನ್ನೂ ತೂಗಿ ನೋಡಿದರೆ, ನಗರದಲ್ಲಿ ಓಡುವ ಹೆರಾಲ್ಡಿಗೆ ನಾಲ್ಕೂವರೆ ಅಂಗುಲದ ರಿಮ್ಮೂ 155/80 R13 ಟಯರೂ ಸಾಕೆಂಬುದು ನಮ್ಮ ಅಭಿಪ್ರಾಯ. ಇದೇ ಅಳತೆಯ ಟಯರು ವ್ಯಾಗನ್-ಆರ್ ಕಾರಿಗೂ ಬರುವುದರಿಂದ ಹುಡುಕಿ ಅಲೆಯಬೇಕಾಗಿಲ್ಲ. ಬೇರೆ ಕಾರುಳ್ಳವರೂ ಈ ಮೂರು ಪ್ರಶ್ನೆಗಳನ್ನೇ ಕ್ರಮವಾಗಿ ಕೇಳಿಕೊಳ್ಳಲಿ.

ಪುದುಪೇಟೆಯಲ್ಲಾಗಲಿ ಜನರಲ್ ಪ್ಯಾಟರ್ಸ್ ರಸ್ತೆಯಲ್ಲಾಗಲಿ ಕೊಳ್ಳುವ ಮುನ್ನ ಇನ್ನೆರಡು ಸಂಗತಿಗಳನ್ನು ನೋಡಬೇಕು. ಟಯರಿನ ಪಕ್ಕದಲ್ಲಿ ನಾಲ್ಕಂಕಿಯ ಮುದ್ರೆಯಿರುತ್ತದೆ. 2324 ಎಂದಿದ್ದರೆ ಅದು 2024ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದುದು. ಗೀರು ಆಳವಾಗಿದ್ದರೂ ವಯಸ್ಸಾದ ರಬ್ಬರು ನಂಬಿಕೆಗೆ ಅರ್ಹವಲ್ಲ. ಹಳೆಯ ಮಾದರಿಯ ಅಡ್ಡನೂಲಿನ ಟಯರನ್ನೂ ರೇಡಿಯಲನ್ನೂ ಒಂದೇ ಅಚ್ಚಿಗೆ ಜೋಡಿಸಕೂಡದು. ನಾಲ್ಕನ್ನೂ ಒಂದೇ ಜಾತಿಯದಾಗಿ ಹಾಕುವುದು ಕ್ಷೇಮ.

ಧಣಿಯ ಮಗನು ಅಗಲವಾದ ಗಾಲಿಯನ್ನು ಬಯಸಿದಾಗ ಚಾಲಕನಾದವನು ಬೇಡವೆನ್ನಲು ಸಂಕೋಚಪಡುವುದು ಸಹಜ. ಆದರೆ ಮಳೆಯ ರಾತ್ರಿಯಲ್ಲಿ ಸ್ಟೀರಿಂಗು ಇರುವುದು ಚಾಲಕನ ಕೈಯಲ್ಲಿ. ಅಪಘಾತವಾದರೆ ಅಪವಾದವೂ ಅವನ ತಲೆಗೇ. ಒಂದು ತುಂಡು ಕಾಗದದ ಮೇಲೆ ಈ ಲೆಕ್ಕವನ್ನು ಬರೆದು ವಿನಯದಿಂದ ಮುಂದಿಟ್ಟರೆ ಕೇಳದ ಧಣಿ ವಿರಳ. ನಮ್ಮ ಬಂಧುಗಳು ಕಣ್ಣು ಮೆಚ್ಚಿದ್ದನ್ನಲ್ಲ, ಕಾರಿಗೆ ಒಪ್ಪುವುದನ್ನು ಆರಿಸಿಕೊಂಡು ಕ್ಷೇಮವಾಗಿ ಮನೆ ಸೇರಲೆಂಬುದೇ ನಮ್ಮ ಹಾರೈಕೆ.