ಸಾಕುನಾಯಿಯ ತುರಿಕೆಗೆ ಪಥ್ಯವೂ ಔಷಧವೇ

ನಮ್ಮ ಹಳ್ಳಿಯ ಮನೆಗಳಲ್ಲಿ ದನಕರುಗಳಂತೆ ನಾಯಿಯೂ ಸಂಸಾರದ ಒಂದು ಅಂಗವಾಗಿಯೇ ಬಾಳಿ ಬಂದಿದೆ. ಹೊಲದ ಕಾವಲು, ಕುರಿಹಟ್ಟಿಯ ರಕ್ಷಣೆ, ಇರುಳಿನ ಎಚ್ಚರ ಇವೆಲ್ಲವೂ ಅದರ ಪಾಲಿನ ಕಾಯಕ. ಮುಧೋಳದ ಬೇಟೆನಾಯಿಯ ಕೀರ್ತಿಯಂತೂ ನಾಡಿನ ಗಡಿಯನ್ನು ದಾಟಿದೆ. 2005ರಲ್ಲಿ ಭಾರತೀಯ ಅಂಚೆ ಇಲಾಖೆಯು ಅದರ ಚಿತ್ರವುಳ್ಳ ಅಂಚೆಚೀಟಿಯನ್ನೇ ಹೊರತಂದಿತು. ಇಂದು ನಗರದ ಮನೆಗಳಲ್ಲಿ ಲ್ಯಾಬ್ರಡಾರ್, ಪಗ್, ಜರ್ಮನ್ ಶೆಫರ್ಡ್ ಮುಂತಾದ ತಳಿಗಳು ಮಕ್ಕಳ ಒಡನಾಡಿಗಳಾಗಿವೆ. ಈ ಮೂರೂ ತಳಿಗಳು ಚರ್ಮದ ಅಲರ್ಜಿಗೆ ಬೇಗ ತುತ್ತಾಗುವವುಗಳ ಸಾಲಿಗೆ ಸೇರಿವೆ ಎಂಬುದು ಮರಿಯನ್ನು ಮನೆಗೆ ತರುವಾಗ ಬಹಳ ಮಂದಿಗೆ ತಿಳಿದಿರುವುದಿಲ್ಲ.

'ಕಜ್ಜಿನಾಯಿ' ಎಂಬುದು ನಮ್ಮ ಮಾತಿನಲ್ಲಿ ಒಂದು ಬೈಗುಳ. ಆ ಬೈಗುಳದ ಹಿಂದೆ ಕ್ರೂರವಾದ ರೂಢಿಯೊಂದು ಅಡಗಿದೆ. ಕೂದಲು ಉದುರಿ, ಮೈಯೆಲ್ಲ ಕೆರೆದುಕೊಂಡು, ದುರ್ವಾಸನೆ ಬೀರತೊಡಗಿದ ನಾಯಿಯನ್ನು ಮೊದಲು ಪಡಸಾಲೆಯಿಂದ ಅಂಗಳಕ್ಕೆ, ಅಂಗಳದಿಂದ ಬೀದಿಗೆ, ಕೊನೆಗೆ ಊರಾಚೆಗೆ ಸಾಗಹಾಕುವುದೇ ಆ ರೂಢಿ. ಹೀಗೆ ಪ್ರಾಣಿಯನ್ನು ಹಸಿವು ಬಾಯಾರಿಕೆಗಳಿಗೆ ಗುರಿಮಾಡಿ ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಂತೆ ಅಪರಾಧ. ಕಾಯ್ದೆಯ ಮಾತು ಹಾಗಿರಲಿ, ಜೀವದಯೆಯನ್ನು ಧರ್ಮದ ತಳಹದಿಯೆಂದು ಸಾರಿದ ಶರಣರ ಪರಂಪರೆಗೆ ಸೇರಿದವರಿಗೆ ಅದು ತಕ್ಕುದಲ್ಲ. ಇಂಥ ಬಹುಪಾಲು ನಾಯಿಗಳ ಬಾಧೆಯನ್ನು ಹತೋಟಿಯಲ್ಲಿಡಲು ಇಂದು ಸಾಧ್ಯವಿದೆ. ಅದಕ್ಕೆ ಕಾರಣವನ್ನು ಕ್ರಮವಾಗಿ ಹುಡುಕುವ ತಾಳ್ಮೆ ಬೇಕು. ಮನೆಮಂದಿಯೆಲ್ಲ ಒಮ್ಮನಸ್ಸಿನಿಂದ ಪಾಲಿಸುವ ಪಥ್ಯ ಬೇಕು.

ತುರಿಕೆ ಒಂದು ಲಕ್ಷಣ

ಜ್ವರಕ್ಕೆ ಹಲವು ಕಾರಣಗಳಿರುವಂತೆ ತುರಿಕೆಗೂ ಹಲವು ಕಾರಣಗಳಿವೆ. ಅವುಗಳಲ್ಲಿ ಅಲರ್ಜಿಯೂ ಒಂದು. ದೇಹದ ರಕ್ಷಣಾ ವ್ಯವಸ್ಥೆಯು ನಿರುಪದ್ರವಿಯಾದ ವಸ್ತುವನ್ನು ವೈರಿಯೆಂದು ಭಾವಿಸಿ ಅದರೊಡನೆ ಕಾದಾಡತೊಡಗುವುದೇ ಅಲರ್ಜಿ. ಮನುಷ್ಯರಲ್ಲಿ ಇದು ಸೀನು, ನೆಗಡಿ, ಉಬ್ಬಸಗಳಾಗಿ ಕಾಣಿಸಿಕೊಳ್ಳುವುದುಂಟು. ನಾಯಿಗಳಲ್ಲಿ ಮುಖ್ಯವಾಗಿ ಚರ್ಮದಲ್ಲಿ ತೋರುತ್ತದೆ. ಪಾದಗಳನ್ನು ಸದಾ ನೆಕ್ಕುವುದು, ಕಿವಿ ಕೊಡಹುವುದು, ಮುಖವನ್ನು ನೆಲಕ್ಕೆ ಉಜ್ಜುವುದು, ಕಂಕುಳು ಮತ್ತು ತೊಡೆಸಂದುಗಳು ಕೆಂಪೇರುವುದು, ಕಿವಿಯ ಸೋಂಕು ಮತ್ತೆ ಮತ್ತೆ ಮರುಕಳಿಸುವುದು ಇದರ ಲಕ್ಷಣಗಳು.

ಈ ಅಲರ್ಜಿಯಲ್ಲಿ ಮುಖ್ಯವಾಗಿ ಮೂರು ಬಗೆಗಳುಂಟು. ಚಿಗಟದ ಎಂಜಲಿನಿಂದ ಉಂಟಾಗುವುದು ಮೊದಲನೆಯದು. ಮನೆಯ ಧೂಳಿನಲ್ಲಿರುವ ನುಸಿ, ಹೂವಿನ ಪರಾಗ, ಬೂಷ್ಟು ಮೊದಲಾದವುಗಳಿಂದ ಬರುವುದು ಎರಡನೆಯದು. ಇದು ಸಾಮಾನ್ಯವಾಗಿ ಆರು ತಿಂಗಳಿಂದ ಮೂರು ವರ್ಷಗಳ ವಯಸ್ಸಿನಲ್ಲಿ ತಲೆದೋರುತ್ತದೆ, ಕೆಲವು ನಾಯಿಗಳಲ್ಲಿ ಋತುವಿಗನುಗುಣವಾಗಿ ಏರಿಳಿಯುತ್ತದೆ. ಆಹಾರದಿಂದ ಬರುವುದು ಮೂರನೆಯದು. ಇದಕ್ಕೆ ಋತುವಿನ ಹಂಗಿಲ್ಲ; ಎಳೆಯ ಮರಿಯಲ್ಲಿಯೂ ಮುದಿ ನಾಯಿಯಲ್ಲಿಯೂ ಆರಂಭವಾಗಬಹುದು; ಕೆಲವೊಮ್ಮೆ ತುರಿಕೆಯೊಡನೆ ಭೇದಿ, ವಾಂತಿಗಳೂ ಇರುತ್ತವೆ. ಒಂದೇ ನಾಯಿಯಲ್ಲಿ ಈ ಮೂರೂ ಕೂಡಿಕೊಂಡಿರಬಹುದು. ಆದ್ದರಿಂದ ಶೋಧವನ್ನು ಸುಲಭವಾದುದರಿಂದ ಕಠಿಣವಾದುದರ ಕಡೆಗೆ ಒಂದೊಂದಾಗಿ ನಡೆಸಬೇಕಾಗುತ್ತದೆ.

ಮೊದಲು ಚಿಗಟ, ಬಳಿಕ ಸೋಂಕು

ಬಾಲದ ಬುಡ, ಸೊಂಟ ಮತ್ತು ಹಿಂದೊಡೆಗಳಲ್ಲಿ ತುರಿಕೆ ಹೆಚ್ಚಾಗಿದ್ದರೆ ಚಿಗಟದ ಮೇಲೆ ಸಂಶಯಪಡಬೇಕು. ಸಣ್ಣ ಹಲ್ಲಿನ ಬಾಚಣಿಗೆಯಿಂದ ಬಾಚಿ, ಬಂದ ಕಪ್ಪುಪುಡಿಯನ್ನು ಒದ್ದೆಯಾದ ಬಿಳಿಯ ಬಟ್ಟೆಯ ಮೇಲೆ ಉದುರಿಸಿ ನೋಡಿರಿ. ಅದು ಕೆಂಗಂದು ಬಣ್ಣ ಬಿಟ್ಟರೆ ಚಿಗಟದ ಹಿಕ್ಕೆಯೆಂದೇ ತಿಳಿಯಬೇಕು. ಅದು ನಾಯಿಯ ರಕ್ತವೇ ಆಗಿರುತ್ತದೆ. ಅಲರ್ಜಿಯುಳ್ಳ ನಾಯಿಗೆ ಕೆಲವೇ ಚಿಗಟಗಳ ಕಡಿತವೂ ಸಾಕು. ಮೈಮೇಲೆ ಕಾಣುವ ಚಿಗಟಗಳು ಒಟ್ಟು ಸಂತತಿಯ ಅಲ್ಪಭಾಗ ಮಾತ್ರ. ಅವುಗಳ ಮೊಟ್ಟೆ, ಮರಿಹುಳು, ಕೋಶಗಳು ಹಾಸಿಗೆಯಲ್ಲಿ, ಗೋಣಿತಾಟಿನಲ್ಲಿ, ನೆಲದ ಬಿರುಕುಗಳಲ್ಲಿ ಅಡಗಿರುತ್ತವೆ. ಆದಕಾರಣ ಪಶುವೈದ್ಯರು ಸೂಚಿಸಿದ ಔಷಧವನ್ನು ಮನೆಯ ಎಲ್ಲ ನಾಯಿ ಬೆಕ್ಕುಗಳಿಗೂ ಅವುಗಳಿಗೆ ತಕ್ಕಂತೆ ಕನಿಷ್ಠ ಮೂರು ತಿಂಗಳು ಬಿಡದೆ ಹಾಕಬೇಕು. ಹಾಸಿಗೆಯನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆಯಬೇಕು. ಆದರೆ ನಾಯಿಯ ಔಷಧವನ್ನು ಬೆಕ್ಕಿಗೆ ಹಾಕಲಾಗದು. ಕೆಲವು ನಾಯಿಮದ್ದುಗಳಲ್ಲಿರುವ ಪರ್ಮೆತ್ರಿನ್ ಬೆಕ್ಕಿಗೆ ಪ್ರಾಣಾಂತಕ.

ಎರಡನೆಯದಾಗಿ ಕಜ್ಜಿಹುಳು, ಹುಳುಕಡ್ಡಿ ಮತ್ತು ಬ್ಯಾಕ್ಟೀರಿಯಾಗಳ ಪರೀಕ್ಷೆ. ವೈದ್ಯರು ಚರ್ಮವನ್ನು ಮೆಲ್ಲಗೆ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಕಜ್ಜಿಯೂ ಹುಳುಕಡ್ಡಿಯೂ ಮನುಷ್ಯರಿಗೆ ತಗಲುವಂಥವು. ನಾಯಿಯೊಡನೆ ಮನೆಯ ಮಕ್ಕಳೂ ತುರಿಸಿಕೊಳ್ಳುತ್ತಿದ್ದರೆ ಆ ಸಂಗತಿಯನ್ನು ತಪ್ಪದೆ ತಿಳಿಸಬೇಕು. ಅಲರ್ಜಿಯಾದರೋ ಅಂಟುರೋಗವಲ್ಲ. ಆದರೆ ಕೆರೆದು ಹುಣ್ಣಾದ ಚರ್ಮದಲ್ಲಿ ಸೋಂಕು ಮನೆಮಾಡುತ್ತದೆ. ಮೈಯ ದುರ್ವಾಸನೆಗೆ ಅನೇಕ ವೇಳೆ ಅದೇ ಕಾರಣ. ಮೊದಲು ಈ ಸೋಂಕನ್ನು ವಾಸಿಮಾಡದೆ ಪಥ್ಯವನ್ನು ಆರಂಭಿಸಿದರೆ ಯಾವುದರಿಂದ ಗುಣವಾಯಿತು, ಯಾವುದರಿಂದ ಆಗಲಿಲ್ಲ ಎಂಬುದು ತಿಳಿಯದೆ ಹೋಗುತ್ತದೆ.

ಹಾಲು ಚಪಾತಿಯೂ ಕಾರಣವಾಗಬಲ್ಲವು

ಚಿಗಟವಿಲ್ಲ, ಸೋಂಕು ವಾಸಿಯಾಗಿದೆ, ಆದರೂ ತುರಿಕೆ ನಿಂತಿಲ್ಲ ಎಂದಾಗ ಆಹಾರದತ್ತ ತಿರುಗಬೇಕು. ಮಾಂಸ ತಿಂದ ನಾಯಿಗೆ ಮಾತ್ರ ತುರಿಕೆ, ನಮ್ಮ ಮನೆಯ ಶುದ್ಧ ಶಾಕಾಹಾರದಿಂದ ಅದು ಬಾರದು ಎಂಬ ನಂಬಿಕೆ ಹಲವರಲ್ಲಿದೆ. ವಾಸ್ತವ ಹಾಗಿಲ್ಲ. 2016ರಲ್ಲಿ ಮ್ಯೂಲರ್, ಒಲಿವ್ರಿ ಮತ್ತು ಪ್ರೆಲೊ ಎಂಬ ಪಶುವೈದ್ಯ ವಿಜ್ಞಾನಿಗಳು ಆಹಾರದ ಅಲರ್ಜಿಯಿದ್ದ 297 ನಾಯಿಗಳ ವಿವರಗಳನ್ನು ಕ್ರೋಡೀಕರಿಸಿದರು. ಅವುಗಳಲ್ಲಿ ಶೇಕಡಾ 34ರಷ್ಟಕ್ಕೆ ದನದ ಮಾಂಸ, 17ರಷ್ಟಕ್ಕೆ ಹಾಲಿನ ಪದಾರ್ಥ, 15ರಷ್ಟಕ್ಕೆ ಕೋಳಿಮಾಂಸ, 13ರಷ್ಟಕ್ಕೆ ಗೋಧಿ ಒಗ್ಗದಿದ್ದುದು ಕಂಡುಬಂದಿತು. ಹಾಲು ಮತ್ತು ಗೋಧಿ, ಅಂದರೆ ಹಾಲಿನಲ್ಲಿ ನೆನೆಸಿದ ಚಪಾತಿ, ನಮ್ಮ ಮನೆಗಳ ನಾಯಿಗಳ ನಿತ್ಯದ ಊಟವೇ ಅಲ್ಲವೆ? ಅಲರ್ಜಿಯು ಸಾಮಾನ್ಯವಾಗಿ ಬಹುಕಾಲ ತಿಂದು ರೂಢಿಯಾದ ಆಹಾರಕ್ಕೇ ಹುಟ್ಟಿಕೊಳ್ಳುವುದರಿಂದ, 'ಐದು ವರ್ಷಗಳಿಂದ ಇದನ್ನೇ ತಿನ್ನುತ್ತಿದೆ, ಏನೂ ಆಗಿರಲಿಲ್ಲ' ಎಂಬ ವಾದವೂ ನಿಲ್ಲಲಾರದು.

ಇಲ್ಲಿ ಇನ್ನೊಂದು ಭೇದವನ್ನು ಅರಿಯಬೇಕು. ಮರಿತನ ಕಳೆದ ಅನೇಕ ನಾಯಿಗಳಿಗೆ ಹಾಲಿನ ಸಕ್ಕರೆ ಜೀರ್ಣವಾಗದೆ ಭೇದಿಯಾಗುತ್ತದೆ. ಇದು ಅಲರ್ಜಿಯಲ್ಲ, ಆ ಸಕ್ಕರೆ ಕಡಿಮೆಯಿರುವ ಮಜ್ಜಿಗೆ ಅಂಥ ನಾಯಿಗೆ ಒಗ್ಗಬಹುದು. ಆದರೆ ಹಾಲಿನ ಪ್ರೋಟೀನಿಗೇ ಅಲರ್ಜಿಯಿರುವ ನಾಯಿಗೆ ಮೊಸರಾಗಲಿ ಮಜ್ಜಿಗೆಯಾಗಲಿ ಪರಿಹಾರವಲ್ಲ. ಹುಳಿಯಾದರೂ ಕಡೆದರೂ ಪ್ರೋಟೀನು ಅದೇ.

ಎಂಟು ವಾರಗಳ ನೇಮ

ಆಹಾರದ ಅಲರ್ಜಿಯನ್ನು ರಕ್ತ, ಕೂದಲು ಅಥವಾ ಜೊಲ್ಲಿನ ಪರೀಕ್ಷೆಯಿಂದ ನಂಬಿಕೆಗೆ ಅರ್ಹವಾಗಿ ಪತ್ತೆಹಚ್ಚಲಾಗದು. ಅದಕ್ಕಿರುವುದು ಪಥ್ಯಪರೀಕ್ಷೆಯೊಂದೇ. ನಾಯಿಯು ಈ ಹಿಂದೆ ತಿಂದಿರದ ಒಂದು ಪ್ರೋಟೀನು ಮತ್ತು ಒಂದು ಪಿಷ್ಟ ಪದಾರ್ಥ, ಇಲ್ಲವೆ ಪ್ರೋಟೀನನ್ನು ಅತಿಸಣ್ಣ ತುಣುಕುಗಳಾಗಿ ಒಡೆದು ತಯಾರಿಸಿದ ವಿಶೇಷ ಆಹಾರ, ಇವೆರಡರಲ್ಲಿ ಒಂದನ್ನು ಮಾತ್ರ ಎಂಟು ವಾರಗಳ ಕಾಲ ಕೊಡಬೇಕು. ಪ್ರೋಟೀನು ಅಷ್ಟು ಚಿಕ್ಕದಾದಾಗ ದೇಹವು ಅದನ್ನು ಗುರುತಿಸಲಾರದು ಎಂಬುದೇ ಈ ಎರಡನೆಯ ಆಹಾರದ ಮರ್ಮ. ಆಹಾರದ ಅಲರ್ಜಿಯಿರುವ ನಾಯಿಗಳಲ್ಲಿ ಶೇಕಡಾ 80ಕ್ಕೂ ಹೆಚ್ಚಿನವು ಐದು ವಾರಗಳಲ್ಲಿ, 90ಕ್ಕೂ ಹೆಚ್ಚಿನವು ಎಂಟು ವಾರಗಳಲ್ಲಿ ಚೇತರಿಸಿಕೊಳ್ಳುತ್ತವೆ ಎಂದು 2015ರ ಅಧ್ಯಯನವೊಂದು ತಿಳಿಸಿದೆ. ಎರಡು ವಾರ ನೋಡಿ ಕೈಬಿಡುವವರು ಫಲ ಬರುವ ಮೊದಲೇ ನಿರಾಶರಾಗುತ್ತಾರೆ.

ಗುಣ ಕಂಡ ಮೇಲೆ ಹಳೆಯ ಆಹಾರವನ್ನು ಮತ್ತೆ ಕೊಟ್ಟು ನೋಡಬೇಕು. ಸುಮಾರು ಎರಡು ವಾರಗಳೊಳಗೆ ತುರಿಕೆ ಮರಳಿದರೆ ರೋಗ ದೃಢಪಟ್ಟಂತೆ. ಅನಂತರ ಹಾಲು, ಗೋಧಿ ಮುಂತಾದವುಗಳನ್ನು ಒಂದೊಂದಾಗಿ ಪರೀಕ್ಷಿಸಿ, ಒಗ್ಗದುದನ್ನು ಜೀವನಪರ್ಯಂತ ಬಿಡಬೇಕು.

ಈ ಪಥ್ಯ ಕೆಡುವುದು ಹೆಚ್ಚಾಗಿ ಪ್ರೀತಿಯಿಂದ. ಉಣ್ಣುವಾಗ ಇನ್ನೊಂದು ಜೀವಕ್ಕೆ ತುತ್ತು ನೀಡುವುದು ದಾಸೋಹವನ್ನು ನಂಬಿದ ಮನೆಗಳ ಸಹಜ ಗುಣ. ಅಜ್ಜಿ ರೊಟ್ಟಿಯ ಚೂರು ಹಾಕುತ್ತಾರೆ, ಮಕ್ಕಳು ಬಿಸ್ಕತ್ತು ಎಸೆಯುತ್ತಾರೆ, ನೆರೆಯವರು ಪ್ರಸಾದ ನೀಡುತ್ತಾರೆ. ಅಲರ್ಜಿಯ ನಾಯಿಗೆ ಆ ಒಂದು ಚೂರೇ ವಾರಗಳ ಶ್ರಮವನ್ನು ಹಾಳುಮಾಡಬಲ್ಲದು. ರುಚಿಗಾಗಿ ಮಾಂಸದ ವಾಸನೆ ಬೆರೆಸಿದ ಜಂತುಮಾತ್ರೆಗಳೂ ಪಥ್ಯಭಂಗಕ್ಕೆ ಕಾರಣವಾಗುತ್ತವೆ. ಆದ್ದರಿಂದ ಪಥ್ಯದ ಮೊದಲ ದಿನವೇ ಮನೆಯವರೆಲ್ಲ ಕುಳಿತು ಮಾತನಾಡಿ, ನಾಯಿಗೆ ಉಣಿಸುವ ಹೊಣೆಯನ್ನು ಒಬ್ಬರಿಗೇ ವಹಿಸುವುದು ಲೇಸು. ಮಕ್ಕಳಿಗೆ ತುರಿಕೆಯ ದಿನಚರಿ ಬರೆಯುವ ಕೆಲಸ ಕೊಟ್ಟರೆ ಅವರೂ ಕಾವಲುಗಾರರಾಗುತ್ತಾರೆ.

ಶಾಕಾಹಾರಿ ಮನೆಯ ಪ್ರಶ್ನೆ

ನಾಯಿಗೆ ಶಾಕಾಹಾರ ಸಾಕೇ ಎಂಬ ಪ್ರಶ್ನೆ ನಮ್ಮ ಸಮಾಜದ ಮನೆಗಳಲ್ಲಿ ಏಳುವುದು ಸಹಜ. ಮನುಷ್ಯರ ಜೊತೆಯಲ್ಲಿ ಬಾಳುತ್ತ ನಾಯಿಯು ಪಿಷ್ಟವನ್ನು ಅರಗಿಸಿಕೊಳ್ಳುವ ಶಕ್ತಿಯನ್ನು ಪಡೆದಿದೆ. ತೋಳಕ್ಕಿಂತ ನಾಯಿಯಲ್ಲಿ ಪಿಷ್ಟ ಅರಗಿಸುವ ಜೀನಿನ ಪ್ರತಿಗಳು ಹೆಚ್ಚೆಂದು 2013ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ತೋರಿಸಿದರು. ಹೀಗಾಗಿ ಸಮತೋಲನಗೊಳಿಸಿದ ಶಾಕಾಹಾರದಲ್ಲಿ ಆರೋಗ್ಯವಂತ ವಯಸ್ಕ ನಾಯಿ ಬದುಕಬಲ್ಲದು. ಬೆಕ್ಕಿಗೆ ಮಾತ್ರ ಈ ಮಾತು ಅನ್ವಯಿಸದು. ಆದರೆ ಸಮತೋಲನ ಎಂಬ ಪದವನ್ನು ಮರೆಯಲಾಗದು. ಬರಿಯ ಅನ್ನ ಮಜ್ಜಿಗೆ, ಹಾಲು ರೊಟ್ಟಿಗಳಲ್ಲಿ ಪ್ರೋಟೀನು, ಸತು, ಅಗತ್ಯ ಕೊಬ್ಬಿನ ಆಮ್ಲಗಳು, ಡಿ ಜೀವಸತ್ವ ಇವು ಸಾಲದಾಗುತ್ತವೆ. ಧಾನ್ಯಗಳಲ್ಲಿರುವ ಫೈಟೇಟ್ ಎಂಬ ಅಂಶವು ಸತುವನ್ನು ದೇಹಕ್ಕೆ ದಕ್ಕಗೊಡುವುದಿಲ್ಲ. ಸತುವಿನ ಕೊರತೆಯೇ ಚರ್ಮ ಬಿರಿದು ಹೆಕ್ಕಳೆಗಟ್ಟಲು, ಕೂದಲು ಉದುರಲು ಕಾರಣವಾಗುತ್ತದೆ. ಅಲರ್ಜಿಯೆಂದು ತಿಳಿದದ್ದು ಎಷ್ಟೋ ಸಲ ಅರೆಪೋಷಣೆಯಾಗಿರಬಹುದು.

ಪಥ್ಯಪರೀಕ್ಷೆಗೆ ವೈದ್ಯರು ಮೀನು ಅಥವಾ ಮಾಂಸವನ್ನು ಸೂಚಿಸಿದರೆ ಗಾಬರಿಗೊಂಡು ಚಿಕಿತ್ಸೆಯನ್ನೇ ಕೈಬಿಡಬೇಕಾಗಿಲ್ಲ. ಮನೆಯ ಆಚಾರವನ್ನು ಸಂಕೋಚವಿಲ್ಲದೆ ತಿಳಿಸಿರಿ. ಒಡೆದ ಸೋಯಾ ಪ್ರೋಟೀನಿನಿಂದ ಮಾಡಿದ ಸಿದ್ಧ ಆಹಾರಗಳುಂಟು. ಅವುಗಳಲ್ಲಿ ಕೆಲವಕ್ಕೆ ಪ್ರಾಣಿಜನ್ಯ ಕೊಬ್ಬು ಸೇರಿರುತ್ತದಾದ್ದರಿಂದ ಚೀಟಿಯನ್ನು ಓದಿ ನೋಡಬೇಕು. ನಾಯಿ ಎಂದೂ ತಿಂದಿರದ ಬೇಳೆಯೊಂದನ್ನು ಗೆಣಸು ಅಥವಾ ನವಣೆಯೊಡನೆ ಬೇಯಿಸಿ ಕೊಡಬಹುದೇ ಎಂದು ವೈದ್ಯರನ್ನು ಕೇಳಬಹುದು. ಆದರೆ ಬೆಳೆಯುವ ಮರಿ, ಗಬ್ಬದ ನಾಯಿಗಳಿಗೆ ಇಂಥ ಪ್ರಯೋಗ ಸಲ್ಲದು. ಪರೀಕ್ಷೆ ಮುಗಿದ ಮೇಲೂ ಮನೆಯ ಅಡುಗೆಯನ್ನೇ ಮುಂದುವರಿಸುವುದಾದರೆ ಖನಿಜ ಹಾಗೂ ಜೀವಸತ್ವಗಳ ಪೂರಕವನ್ನು ವೈದ್ಯರಿಂದ ಗೊತ್ತುಮಾಡಿಸಿಕೊಳ್ಳಬೇಕು. ಇಷ್ಟರಿಂದಲೂ ಸಾಗದೆ, ಮಾಂಸಾಹಾರವಲ್ಲದೆ ಬೇರೆ ದಾರಿಯೇ ಇಲ್ಲವೆಂದಾದರೆ, ಅಡುಗೆಮನೆಗೆ ಸೋಂಕದಂತೆ ಸಿದ್ಧ ಆಹಾರವನ್ನು ಅಂಗಳದಲ್ಲಿ ಬೇರೆ ತಟ್ಟೆಯಲ್ಲಿಡುವ ಮನೆಗಳೂ ಉಂಟು. ಸಾಕಿದ ಜೀವದ ನೋವು ಮತ್ತು ತಮ್ಮ ಆಚಾರ ಇವೆರಡನ್ನೂ ತೂಗಿ ನಿರ್ಧರಿಸುವುದು ಆಯಾ ಮನೆಯ ಹಿರಿಯರಿಗೆ ಬಿಟ್ಟ ವಿಚಾರ.

ಸೂಕ್ಷ್ಮ ಹೊಟ್ಟೆಯ ನಾಯಿಗೆ ಹೊಸ ಆಹಾರವನ್ನು ಏಳರಿಂದ ಹತ್ತು ದಿನಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಬೆರೆಸುತ್ತ ರೂಢಿಸಬೇಕು. ಹಬ್ಬದ ದಿನಗಳ ಕರಿದ ತಿಂಡಿ, ತುಪ್ಪದ ಹೋಳಿಗೆಗಳು ಮೇದೋಜೀರಕ ಗ್ರಂಥಿಯ ಉರಿಯೂತವನ್ನು ತರಬಲ್ಲವು. ಈರುಳ್ಳಿ, ಬೆಳ್ಳುಳ್ಳಿ ಬೆರೆತ ಸಾರು ರಕ್ತಕಣಗಳನ್ನು ನಾಶಮಾಡುತ್ತದೆ. ದ್ರಾಕ್ಷಿ, ಒಣದ್ರಾಕ್ಷಿಗಳು ಮೂತ್ರಪಿಂಡವನ್ನು ಕೆಡಿಸುತ್ತವೆ; ಪ್ರಸಾದದ ಸಜ್ಜಿಗೆಯಲ್ಲಿಯೂ ಪಾಯಸದಲ್ಲಿಯೂ ಒಣದ್ರಾಕ್ಷಿ ಇರುವುದನ್ನು ನೆನಪಿಡಬೇಕು. ಭೇದಿಯಲ್ಲಿ ರಕ್ತ ಕಂಡರೆ, ನಾಯಿ ಮಂಕಾಗಿ ನೀರನ್ನೂ ಮುಟ್ಟದಿದ್ದರೆ, ಮರಿಗೆ ವಾಂತಿಭೇದಿಯಾದರೆ ಮನೆಯಲ್ಲಿ ಕಾಯುತ್ತ ಕೂರದೆ ಆಸ್ಪತ್ರೆಗೆ ಒಯ್ಯಬೇಕು.

ಮದ್ದಿನ ಹೆಸರಿನಲ್ಲಿ ವಿಷ ಬೇಡ

ತುರಿಕೆಯ ನಾಯಿಗೆ ಸೀಮೆಎಣ್ಣೆ, ವಾಹನದ ಹಳೆಯ ಎಣ್ಣೆ, ಫಿನಾಯಿಲು ಬಳಿಯುವುದು ನಮ್ಮಲ್ಲಿ ಇನ್ನೂ ನಿಂತಿಲ್ಲ. ಇವು ಚರ್ಮವನ್ನು ಸುಡುತ್ತವೆ. ನೆಕ್ಕಿದಾಗ ಹೊಟ್ಟೆ ಸೇರಿ ಪ್ರಾಣಕ್ಕೇ ಸಂಚಕಾರ. ಮನುಷ್ಯರ ಸಾಬೂನು ನಾಯಿಯ ಚರ್ಮಕ್ಕೆ ಹೊಂದದು. ಮನುಷ್ಯರ ನೋವಿನ ಮಾತ್ರೆಗಳಾದ ಪ್ಯಾರಾಸಿಟಮಾಲ್, ಐಬುಪ್ರೊಫೆನ್‌ಗಳನ್ನು ತಾವಾಗಿ ಕೊಡುವುದು ಅಪಾಯಕರ. ಕಾಲಿ ಮುಂತಾದ ಕೆಲವು ತಳಿಗಳ ನಾಯಿಗಳಿಗೆ ಐವರ್‌ಮೆಕ್ಟಿನ್ ವಿಷವಾಗಬಹುದಾದ್ದರಿಂದ ಅದನ್ನು ಕಂಡಕಂಡವರಿಂದ ಚುಚ್ಚಿಸಲಾಗದು.

ಪ್ರೆಡ್ನಿಸೊಲೋನ್ ತುರಿಕೆಯನ್ನು ಬೇಗ ತಗ್ಗಿಸುತ್ತದೆ. ಆದರೆ ಬಹುಕಾಲ ಕೊಟ್ಟರೆ ಹಸಿವು, ಬಾಯಾರಿಕೆ, ಮೂತ್ರಗಳನ್ನು ಹೆಚ್ಚಿಸಿ ಬೇರೆ ತೊಂದರೆಗಳನ್ನು ತರುತ್ತದೆ. ದೀರ್ಘಕಾಲ ಕೊಟ್ಟುದನ್ನು ಥಟ್ಟನೆ ನಿಲ್ಲಿಸುವುದೂ ಸಲ್ಲದು. ಧೂಳು, ಪರಾಗಗಳ ಅಲರ್ಜಿಗೆ ಈಚಿನ ವರ್ಷಗಳಲ್ಲಿ ಓಕ್ಲಾಸಿಟಿನಿಬ್‌ನಂಥ ಹೊಸ ಔಷಧಗಳು ಬಂದಿವೆ. ವೈದ್ಯರು ಹೇಳಿದ ಶಾಂಪೂವನ್ನು ಹಚ್ಚಿ ಹತ್ತು ನಿಮಿಷ ಬಿಟ್ಟು ತೊಳೆಯುವುದು, ಅಡ್ಡಾಡಿ ಬಂದ ಮೇಲೆ ಪಾದಗಳನ್ನು ಒದ್ದೆಬಟ್ಟೆಯಿಂದ ಒರೆಸಿ ಒಣಗಿಸುವುದು ಬಹಳ ಹಿತಕರ. ತಾಲ್ಲೂಕು, ಜಿಲ್ಲಾ ಪಶು ಆಸ್ಪತ್ರೆಗಳಲ್ಲದೆ ಹೆಬ್ಬಾಳ, ಬೀದರ, ಶಿವಮೊಗ್ಗ, ಹಾಸನಗಳ ಪಶುವೈದ್ಯಕೀಯ ಕಾಲೇಜುಗಳಲ್ಲಿಯೂ ಚಿಕಿತ್ಸೆಯ ಅನುಕೂಲವಿದೆ.

ಅಲರ್ಜಿಯು ಬೇರುಸಹಿತ ಹೋಗುವುದು ವಿರಳ. ಅದನ್ನು ಸಕ್ಕರೆ ಕಾಯಿಲೆಯಂತೆ ಬಾಳಿನುದ್ದಕ್ಕೂ ಅಂಕೆಯಲ್ಲಿಡಬೇಕಾಗುತ್ತದೆ. ಒಂದು ಮೂಕಪ್ರಾಣಿಗಾಗಿ ಎಂಟು ವಾರ ನೇಮ ಹಿಡಿದು ನಡೆದ ಮನೆಯಲ್ಲಿ ಮಕ್ಕಳು ಕಲಿಯುವುದು ನಾಯಿಯ ಆರೈಕೆಯನ್ನಷ್ಟೇ ಅಲ್ಲ. ಮಾತನಾಡಲಾರದವರ ನೋವನ್ನು ತಾವಾಗಿ ಅರಿತು ನಡೆಯುವ ಗುಣವನ್ನೂ ಅವರು ಅಲ್ಲಿಯೇ ಕಲಿಯುತ್ತಾರೆ.