ಏರಲು ಎರಡು, ಇಳಿಯಲು ಒಂದು



ಹಿಮ ಬೀಳದ ಊರು ನಮ್ಮದು. ಆದರೂ ನಿಮ್ಮ ಮನೆಯ ಹುಡುಗ ಕಾಶ್ಮೀರದ ಗುಲ್ಮಾರ್ಗಿಗೆ ಹೊರಟು, "ಸ್ಪ್ಲಿಟ್‌ಬೋರ್ಡ್ ಕೊಳ್ಳಬೇಕು" ಎಂದರೆ ಗಾಬರಿಯಾಗಬೇಡಿ. ಎಂಥದ್ದು ಕೊಳ್ಳಬೇಕೆಂಬುದು ತಿಳಿದಿರಲಿ.

ಸ್ನೋಬೋರ್ಡ್ ಎಂದರೆ ಎರಡೂ ಪಾದ ಬಿಗಿದುಕೊಂಡು ಹಿಮದ ಇಳಿಜಾರಿನಲ್ಲಿ ಜಾರುವ ಹಲಗೆ. ಇಳಿಯಲು ಸೊಗಸು, ಏರಲು ಬಾರದು. ಗುಲ್ಮಾರ್ಗಿನಲ್ಲಿ ಮೇಲೊಯ್ಯಲು ಗೊಂಡೋಲಾ ಇದೆ. ಅದಿಲ್ಲದ ಬೆಟ್ಟವನ್ನು ನಡೆದೇ ಏರಬೇಕು. ಅದಕ್ಕೇ ಹಲಗೆಯನ್ನು ಉದ್ದಕ್ಕೆ ಎರಡು ಹೋಳು ಮಾಡಿದರು. 1990ರ ದಶಕದಲ್ಲಿ ಅಮೆರಿಕದ ಯೂಟಾ ರಾಜ್ಯದ ವೊಯ್ಲೆ ಕಂಪನಿ, ಇದ್ದ ಹಲಗೆಯನ್ನೇ ಕೊಯ್ದು ಜೋಡಿಸಿಕೊಳ್ಳುವ ಸಾಮಾನನ್ನು ಮಾರಾಟಕ್ಕೆ ತಂದಿತು.

ಏರುವಾಗ ಎರಡು ಹೋಳುಗಳ ತಳಕ್ಕೂ 'ಸ್ಕಿನ್' ಎಂಬ ರೋಮದ ಪಟ್ಟಿ ಅಂಟಿಸುತ್ತಾರೆ. ಎತ್ತಿನ ಮೈ ಸವರಿ ನೋಡಿ: ಕೂದಲ ದಿಕ್ಕಿಗೆ ನುಣುಪು, ಎದುರಿಗೆ ಒರಟು. ಹಾಗೆಯೇ ಇದು ಮುಂದಕ್ಕೆ ಜಾರುತ್ತದೆ, ಹಿಂದಕ್ಕೆ ಬಿಡುವುದಿಲ್ಲ. ತುದಿ ಮುಟ್ಟಿದ ಮೇಲೆ ಪಟ್ಟಿ ಕಿತ್ತು, ಹೋಳುಗಳನ್ನು ಒಂದು ಮಾಡಿ ಇಳಿಯುವುದು.

ಆರಿಸುವುದು ಹೇಗೆ? ಉದ್ದವನ್ನು ಮೈತೂಕ ನೋಡಿ ನಿರ್ಧರಿಸಿ. ಬೆನ್ನಿನ ಚೀಲದ ಭಾರವನ್ನೂ ಕೂಡಿಸಿ. ಅಗಲವನ್ನು ಬೂಟು ನೋಡಿ ಆರಿಸಿ. ಬೂಟು ಹೊರಗೆ ಹೆಚ್ಚು ಚಾಚಿದರೆ ತಿರುಗುವಾಗ ಹಿಮಕ್ಕೆ ತಾಗಿ ಬೀಳಿಸುತ್ತದೆ. ದಿನದ ಬಹುಪಾಲು ಹೊತ್ತು ಏರುವುದರಲ್ಲೇ ಕಳೆಯುವುದರಿಂದ ಹಗುರವಾದದ್ದು ಒಳ್ಳೆಯದು. ಆದರೆ ತೀರಾ ಹಗುರವಾದದ್ದು ಗಟ್ಟಿ ಹಿಮದ ಮೇಲೆ ಅದುರುತ್ತದೆ. ಪಾದದಡಿ ತುಸು ಕಮಾನಾಗಿರುವ ಹಲಗೆ ಭಾರ ಬಿದ್ದಾಗ ನೆಲಕ್ಕೆ ಒತ್ತಿಕೊಂಡು, ಸ್ಕಿನ್ ಚೆನ್ನಾಗಿ ಹಿಡಿಯುತ್ತದೆ. ಮೂತಿ ಮಾತ್ರ ಮೇಲೆದ್ದಿರಲಿ. ಮೆತ್ತನೆಯ ಹಿಮದಲ್ಲಿ ಹುದುಗುವುದಿಲ್ಲ.

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಾಗ ಪಂಪ್‌ಸೆಟ್ ಸಾಲಕ್ಕೆ ಬಂದವರನ್ನು, "ಪೈಪು, ವೈರು, ಸ್ಟಾರ್ಟರ್ ಲೆಕ್ಕ ಹಿಡಿದಿರಾ?" ಎಂದು ಕೇಳುತ್ತಿದ್ದೆ. ಇಲ್ಲೂ ಅದೇ ಲೆಕ್ಕ. ಹಲಗೆಗೇ ಎಲ್ಲ ಹಣ ಸುರಿಯಬೇಡಿ. 2016ರ ಫೆಬ್ರವರಿಯಲ್ಲಿ ಸಿಯಾಚಿನ್ ಹಿಮಕುಸಿತದಲ್ಲಿ ಹೂತುಹೋಗಿದ್ದ ಧಾರವಾಡ ಜಿಲ್ಲೆ ಬೆಟದೂರಿನ ಯೋಧ ಹನುಮಂತಪ್ಪ ಕೊಪ್ಪದರು ಉಳಿಯಲೆಂದು ನಾವೆಲ್ಲ ಹರಕೆ ಹೊತ್ತದ್ದು ನೆನಪಿದೆಯಲ್ಲ? ಅದೇ ಹಿಮಕುಸಿತ ಆಟಗಾರನನ್ನೂ ಬಿಡದು. 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ ಅಪಾಯ ಹೆಚ್ಚು. ಹೂತವನನ್ನು ಮೊದಲ ಹತ್ತು-ಹದಿನೈದು ನಿಮಿಷದಲ್ಲಿ ತೆಗೆದರೆ ಬದುಕುವ ಆಸೆ ಹೆಚ್ಚು. ಆಮೇಲೆ ಬೇಗ ಕುಗ್ಗುತ್ತದೆ.

ಅದಕ್ಕೆ ಮೂರು ವಸ್ತು ಬೇಕೇ ಬೇಕು: ಸುಳಿವು ಕೊಡುವ ಬೀಕನ್ ಯಂತ್ರ, ಚುಚ್ಚಿ ನೋಡುವ ಉದ್ದ ಸಲಾಕೆ, ಅಗೆಯುವ ಸಲಿಕೆ. ಎಲ್ಲರ ಬಳಿಯೂ ಇರಬೇಕು, ಬಳಸಲೂ ಬರಬೇಕು. ಹೂತವನನ್ನು ಹುಡುಕಿ ತೆಗೆಯುವವನು ಜೊತೆಗಾರನೇ.

ಹಣ ಸಾಲದಿದ್ದರೆ ಹಲಗೆಯನ್ನು ಬಾಡಿಗೆಗೆ ತರಲಿ. ಈ ಮೂರನ್ನು ಬಿಟ್ಟು, ಒಂಟಿಯಾಗಿ ಮಾತ್ರ ಕಳಿಸಬೇಡಿ.